ನಂಗಲಿಯ ಮಕ್ಕಳಿಗೆ, ಸಳನ ಕಥೆಯ ನೆಪದಲ್ಲಿ

ಮಕ್ಕಳೇ,

ಹೊಯ್ಸಳ ವಿಷ್ಣುವರ್ಧನನ ಶಾಸನಗಳಲ್ಲಿ ಅವನ ಬಿರುದುಗಳು ಉದ್ದಕ್ಕೆ ಸಾಲುಗಟ್ಟಿ ಬರುತ್ತವೆ. ತಳಕಾಡು ಗೆದ್ದವನು, ಕೊಂಗುನಾಡು ಗೆದ್ದವನು ಎಂದು ಸಾಗುವ ಆ ಸಾಲಿನಲ್ಲಿ ನಮ್ಮ ನಂಗಲಿಯ ಹೆಸರೂ ಇದೆ. ರಾಜ್ಯದ ನಾಲ್ಕು ಎಲ್ಲೆಗಳನ್ನು ಹೇಳುವಾಗ ಮೂಡಲ ಎಲ್ಲೆ ನಂಗಲಿಯೇ. ಪಲಮನೇರಿನ ಕಡೆ ಹೋಗುವ ಲಾರಿಗಳು ರಾಜ್ಯ ದಾಟುವ ನಮ್ಮೂರು ಒಂಬೈನೂರು ವರ್ಷದ ಹಿಂದೆಯೂ ಗಡಿಯೇ ಆಗಿತ್ತು. ಆದ್ದರಿಂದ ಹೊಯ್ಸಳರ ಕಥೆ ಬೇಲೂರು, ಹಳೇಬೀಡಿನವರದು, ನಮಗೇನು ಎಂದು ಪಠ್ಯಪುಸ್ತಕದಲ್ಲೇ ಬಿಟ್ಟು ಬರಬೇಡಿ. ಅದರಲ್ಲಿ ನಿಮಗೆ ಬೇಕಾದದ್ದು ಇದೆ, ನೀವು ಎಚ್ಚರವಾಗಿರಬೇಕಾದದ್ದೂ ಇದೆ.

ಸಳನ ಕಥೆ ನಿಮಗೆ ಗೊತ್ತು. ಸೊಸೆವೂರಿನಲ್ಲಿ, ಎಂದರೆ ಈಗಿನ ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ವಾಸಂತಿಕಾ ದೇವಿಯ ಗುಡಿಯ ಬಳಿ ಜೈನಮುನಿ ಸುದತ್ತರ ಮೇಲೆ ಹುಲಿ ಎರಗಿತು. ಮುನಿ ತಮ್ಮ ಕೈಯಲ್ಲಿದ್ದ ಬೆತ್ತವನ್ನು ಸಳನತ್ತ ಚಾಚಿ ‘ಹೊಡೆ’ ಎಂದರು, ಅವನು ಹೊಡೆದ. ಬೇಲೂರಿನ ಬಾಗಿಲಲ್ಲಿ ಸಳ ಈಗಲೂ ಆ ಮೃಗದೊಂದಿಗೆ ಸೆಣಸುತ್ತ ನಿಂತಿದ್ದಾನೆ. ಸಳನೆಂಬ ಅರಸ ನಿಜಕ್ಕೂ ಇದ್ದನೇ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಕಥೆ ವಿಷ್ಣುವರ್ಧನನ ಕಾಲದಲ್ಲಿ ಪ್ರಚಾರಕ್ಕೆ ಬಂತು, ಆ ಹುಲಿ ಚೋಳರ ಲಾಂಛನದ ಹುಲಿಯೇ ಎಂದು ಕೆಲವರು ಬರೆದಿದ್ದಾರೆ. ನನಗೆ ಈ ಮಾತು ಒಪ್ಪಿಗೆ, ಅದಕ್ಕೆ ನಮ್ಮ ಜಿಲ್ಲೆಯೇ ಕಾರಣ. ಈ ಸೀಮೆಯನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಚೋಳರು ಆಳಿದರು. ಕೋಲಾರಮ್ಮನ ಗುಡಿಗೆ ಹೋದರೆ ರಾಜೇಂದ್ರ ಚೋಳನ ಕಾಲದ ತಮಿಳು ಶಾಸನಗಳನ್ನು ಈಗಲೂ ನೋಡಬಹುದು. ಅವರನ್ನು ಹಿಮ್ಮೆಟ್ಟಿಸಿ 1116ರ ಹೊತ್ತಿಗೆ ತಳಕಾಡನ್ನು ಹಿಡಿದ ಮನೆತನಕ್ಕೆ ಹುಲಿಯನ್ನು ಕೊಂದ ಮೂಲಪುರುಷ ಬೇಕಾಗಿತ್ತು.

ಆದರೆ ನಾನು ನಿಮಗೆ ತೋರಿಸಬೇಕೆಂದಿರುವುದು ಹುಲಿಯನ್ನಲ್ಲ, ಬೆತ್ತವನ್ನು. ಅದು ಅರಸ ಕೊಟ್ಟ ಕತ್ತಿಯಲ್ಲ, ಕೊಲ್ಲುವ ಆಯುಧವೂ ಅಲ್ಲ. ಇರುವೆಯನ್ನೂ ನೋಯಿಸದ ವ್ರತದ ಸನ್ಯಾಸಿಯ ಕೈಯದು. ಆ ಹೊತ್ತಿನಲ್ಲಿ ಸಳ ಯಾರ ಆಳೂ ಅಲ್ಲ. ತನ್ನನ್ನು ಕಾಪಾಡಿಕೊಳ್ಳಲಾಗದ ಒಬ್ಬರು ಎದುರಿಗಿದ್ದರು, ಅವನು ನಡುವೆ ಬಂದು ನಿಂತ. ಅಷ್ಟೇ ಆ ಕಥೆಯ ತಿರುಳು.

ಅದೇ ವಂಶದ ಕಾಲದಲ್ಲಿ ಈ ಶೌರ್ಯ ಇನ್ನೊಂದು ದಾರಿ ಹಿಡಿಯಿತು. ಗರುಡರು ಎಂದು ಕರೆಸಿಕೊಂಡ ವೀರರಿದ್ದರು. ಅರಸನ ಜೊತೆಗೇ ಸಾಯುತ್ತೇವೆಂದು ಭಾಷೆ ಕೊಟ್ಟು, ಅದರ ಗುರುತಾಗಿ ಕಾಲಿಗೆ ತೊಡರು ಎಂಬ ಕಡಗ ತೊಟ್ಟವರು. ಇಮ್ಮಡಿ ವೀರಬಲ್ಲಾಳ ಮಗನಂತೆ ಬೆಳೆಸಿದ ಕುವರ ಲಕ್ಷ್ಮ ದಂಡನಾಯಕ ಅವರಲ್ಲಿ ಒಬ್ಬ. ಅವನೂ ಅವನ ಹೆಂಡತಿ ಸುಗ್ಗಲದೇವಿಯೂ ಸಂಗಡದ ಸಾವಿರ ವೀರರೂ ಅರಸನಿಗಾಗಿ ಪ್ರಾಣ ಬಿಟ್ಟರೆಂದು ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿಯ ಕಂಬ ಹೇಳುತ್ತದೆ. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ವೀರರನ್ನು ಅದರಲ್ಲಿ ಕೆತ್ತಿದ್ದಾರೆ. ಕೆ.ಆರ್. ಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯ ಕಂಬಗಳಲ್ಲಂತೂ ಒಂದೇ ಮನೆತನದವರು ತಲೆತಲಾಂತರದಿಂದ ಹೀಗೆ ಸತ್ತ ದಾಖಲೆಯಿದೆ. ಹೆಂಡತಿಯರು, ಆಳುಗಳು, ದಾಸಿಯರು ಎಲ್ಲ ಸೇರಿ.

ಆ ನಿಷ್ಠೆಗೆ ನಾನು ಕೈಮುಗಿಯುತ್ತೇನೆ. ಕೊಟ್ಟ ಮಾತಿಗೆ ತಲೆ ಕೊಡುವುದು ಸುಲಭದ ಸಂಗತಿಯಲ್ಲ. ಆದರೂ ಸುಗ್ಗಲದೇವಿಯ ವಿಷಯ ನನ್ನನ್ನು ಬಿಡುವುದಿಲ್ಲ. ಆ ದಾಸಿಯರನ್ನು ಯಾರಾದರೂ ‘ನಿನಗೆ ಇಷ್ಟವೇನಮ್ಮಾ’ ಎಂದು ಕೇಳಿರಬಹುದೇ? ಸಾವಿರ ಮಂದಿ ಗಟ್ಟಿಗರು ಉಳಿದಿದ್ದರೆ ಎಷ್ಟು ಕೆರೆಗಳ ಕಟ್ಟೆ ನಿಲ್ಲುತ್ತಿತ್ತು, ಎಷ್ಟು ಮನೆಗಳ ಒಲೆ ಉರಿಯುತ್ತಿತ್ತು! ಸಳನ ಬೆತ್ತ ಇನ್ನೊಬ್ಬರನ್ನು ಉಳಿಸಿತು. ಗರುಡನ ತೊಡರು ಯಾರನ್ನೂ ಉಳಿಸಲಿಲ್ಲ.

ನೀವು ಮೊಬೈಲಿನಲ್ಲಿ ನೋಡುವ ಇಂಗ್ಲೆಂಡಿನ ಆರ್ಥರ್ ರಾಜನ ಕಥೆಯಲ್ಲೂ ಇಂಥ ಗಳಿಗೆಯೊಂದಿದೆ. ಮಾಲರಿ ಬರೆದು 1485ರಲ್ಲಿ ಅಚ್ಚಾದ ಪುಸ್ತಕದಲ್ಲಿ, ಸಾಯುವ ಆರ್ಥರ್ ಕೊನೆಗೆ ಉಳಿದ ವೀರ ಬೆಡಿವೇರನಿಗೆ ತನ್ನ ಕತ್ತಿಯನ್ನು ನೀರಿಗೆ ಎಸೆದು ಬಾ ಎನ್ನುತ್ತಾನೆ. ಬೆಡಿವೇರನಿಗೆ ಮನಸ್ಸು ಬಾರದು. ಎರಡು ಸಲ ಕತ್ತಿಯನ್ನು ಬಚ್ಚಿಟ್ಟು ಬಂದು, ಮೂರನೆಯ ಸಲ ಎಸೆಯುತ್ತಾನೆ. ಆಮೇಲೆ ಅವನು ಸಾಯುವುದಿಲ್ಲ, ಸನ್ಯಾಸಿಯಾಗಿ ಬದುಕುತ್ತಾನೆ. ಅರಸನ ಅಧಿಕಾರದ ಗುರುತು ಅರಸನೊಂದಿಗೇ ಮುಗಿಯಬೇಕು, ಹಿಂಬಾಲಿಸಿದವನ ಬದುಕು ಮುಗಿಯಬೇಕಾಗಿಲ್ಲ ಎಂದು ಆ ಕಥೆಯನ್ನು ನಾನು ಓದಿಕೊಂಡಿದ್ದೇನೆ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ತೊಡರು ತೊಡಿಸುವವರು ಈಗಲೂ ಇದ್ದಾರೆ. ಚುನಾವಣೆ ಬಂದರೆ ನಿಮ್ಮ ಹೆಗಲ ಮೇಲೆ ಬಣ್ಣದ ಶಾಲು ಬೀಳುತ್ತದೆ. ನೆಚ್ಚಿನ ನಟನಿಗಾಗಿ ಇನ್ನೊಬ್ಬ ನಟನ ಅಭಿಮಾನಿಯ ಮೇಲೆ ಕೈ ಮಾಡುತ್ತೀರಿ. ನಾಯಕನಿಗಾಗಿ ಕೇಸು ಹಾಕಿಸಿಕೊಂಡ ಹುಡುಗ ಕೋರ್ಟಿಗೆ ಅಲೆಯುವಾಗ ಜೊತೆಗೆ ಬರುವವಳು ಅವನ ತಾಯಿ ಮಾತ್ರ. ನಾನು ನಿಷ್ಠೆ ಬೇಡ ಎನ್ನುತ್ತಿಲ್ಲ, ಕಂದಗಳೇ. ನಿಷ್ಠೆಯಿಲ್ಲದ ಪ್ರಾಯ ಬರಡು. ಆದರೆ ಅದನ್ನು ಒಬ್ಬ ಮನುಷ್ಯನ ಕಾಲಿಗೆ ಕಟ್ಟಬೇಡಿ. ಒಂದು ಕೆಲಸಕ್ಕೆ ಕಟ್ಟಿ, ನಿಮ್ಮನ್ನು ನಂಬಿ ಕೂತವರಿಗೆ ಕಟ್ಟಿ. ಯಾರಾದರೂ ‘ಹೊಡೆ’ ಎಂದಾಗ ಒಂದು ಗಳಿಗೆ ತಡೆದು ನೋಡಿ: ಈ ಏಟಿನಿಂದ ಉಳಿಯುವವರು ಯಾರು?

ಹೀಗೆ ಬದುಕಿದವರನ್ನು ನೋಡಲು ಬೇಲೂರಿಗೂ ಹೋಗಬೇಕಾಗಿಲ್ಲ. ಕೋಲಾರ ಸೀಮೆ ವೀರಗಲ್ಲುಗಳ ಸೀಮೆ. ಇವುಗಳ ಬರಹಗಳನ್ನು ಶಾಸನತಜ್ಞ ರೈಸ್ ಸಾಹೇಬರು 1905ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕ’ದ ಹತ್ತನೆಯ ಸಂಪುಟದಲ್ಲಿ ಅಚ್ಚು ಮಾಡಿಸಿದರು. ಗಂಗರು, ಬಾಣರು, ನೊಳಂಬರು ಕಾದಾಡಿದ ಈ ನೆಲದಲ್ಲಿ ದನ ಹೊಡೆದುಕೊಂಡು ಹೋಗುವವರು ಬಂದರೆ, ಊರಿನ ಒಬ್ಬ ಬಿಲ್ಲೋ ಬಾಕೋ ಹಿಡಿದು ಅಡ್ಡ ನಿಲ್ಲುತ್ತಿದ್ದ. ತುರುಗಳನ್ನು ಮರಳಿ ತಂದು ತಾನು ಸತ್ತರೆ ಊರವರು ಕಲ್ಲು ನಿಲ್ಲಿಸುತ್ತಿದ್ದರು. ಅವನ ಮನೆಯವರಿಗೆ ನೆತ್ತರುಗೊಡಗೆ ಎಂದು ಭೂಮಿ ಬಿಡುತ್ತಿದ್ದರು. ಅರಸನಿಗೆ ನಂಗಲಿಯೆಂಬುದು ಬಿರುದಿಗೆ ಸೇರಿದ ಒಂದು ಹೆಸರು, ಈ ವೀರರಿಗೆ ತಮ್ಮ ಊರು ಹಾಲು ಕರೆಯುವ ಕೊಟ್ಟಿಗೆ. ಸಳನ ನಿಜವಾದ ವಾರಸುದಾರರು ಇವರೇ ಎಂಬುದು ನನ್ನ ನಂಬಿಕೆ. ಬೇಲೂರಿನ ಶಿಲ್ಪಕ್ಕಿಂತ ಒರಟು ಕೆತ್ತನೆಯ ಈ ಕಲ್ಲುಗಳ ಮುಂದೆ ನನ್ನ ತಲೆ ಬೇಗ ಬಾಗುತ್ತದೆ.

ನರಸಾಪುರದ ಕಾರ್ಖಾನೆಗೆ ಶಿಫ್ಟಿಗೆ ಹೋಗುವವರು, ವಡ್ಡಹಳ್ಳಿಯ ಮಂಡಿಗೆ ಟೊಮೆಟೊ ಒಯ್ಯುವವರು, ರಜಾ ದಿನ ಸಿಕ್ಕಿದಾಗ ನಿಮ್ಮ ಹೊಲದ ಬದು, ಕೆರೆ ಏರಿ, ಗುಡಿಯ ಹಿಂಭಾಗ ಒಮ್ಮೆ ನೋಡಿ ಬನ್ನಿ. ಕಲ್ಲು ಸಿಕ್ಕರೆ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಅದರ ಮೇಲೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ಲಿಂಗ, ಸೂರ್ಯ, ಚಂದ್ರ ಇವೆಯೇ ಹುಡುಕಿ. ವೀರನ ಹಿಂದೆ ದನಗಳಿವೆಯೇ ನೋಡಿ. ಅಕ್ಷರ ಕಂಡರೆ ಸುಣ್ಣ ಬಳಿಯಬೇಡಿ, ಎಣ್ಣೆ ಸುರಿಯಬೇಡಿ, ಉಳಿಯಿಂದ ಕೆರೆಯಬೇಡಿ. ಬೆಳಗಿನ ಓರೆ ಬಿಸಿಲಿನಲ್ಲಿ ಒಂದು ಫೋಟೊ ತೆಗೆದು ಪುರಾತತ್ವ ಇಲಾಖೆಗೆ ಕಳಿಸಿ. ಆ ಕಲ್ಲನ್ನು ಮೋರಿಗೆ ಹಾಸಲು ಯಾರಾದರೂ ಎತ್ತಲು ಬಂದರೆ, ನಡುವೆ ಹೋಗಿ ನಿಲ್ಲಿ.