ನಲವತ್ತಕ್ಕೆ ಮೊದಲು ಮೂವತ್ತು



ಹತ್ತನೇ ತರಗತಿಯಲ್ಲಿ ಕಣ್ಣಿನ ಚಿತ್ರ ಬರೆದು ಭಾಗಗಳನ್ನು ಗುರುತಿಸದವರು ನಿಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಪ್ರತಿಬಿಂಬ ಮೂಡುವುದು ಅಕ್ಷಿಪಟಲದ ಮೇಲೆ, ಅಂದರೆ ರೆಟಿನಾದ ಮೇಲೆ ಎಂದು ಬರೆದು ಅಂಕ ಪಡೆದು ಮುಂದೆ ಹೋಗಿರುತ್ತೀರಿ. ಆ ತೆಳ್ಳನೆಯ ಪದರಕ್ಕೆ ರಕ್ತ ಕೊಡುವ ನಾಳಗಳು ಯಾವಾಗ ಬೆಳೆಯುತ್ತವೆ ಎಂದು ಪರೀಕ್ಷೆಯಲ್ಲಿ ಕೇಳುವುದಿಲ್ಲ. ಆದರೆ ಎಷ್ಟೋ ಮಕ್ಕಳ ದೃಷ್ಟಿ ನಿಂತಿರುವುದು ಆ ಪ್ರಶ್ನೆಯ ಮೇಲೆ.

ಗರ್ಭದಲ್ಲಿರುವ ಮಗುವಿನ ರೆಟಿನಾದಲ್ಲಿ ರಕ್ತನಾಳಗಳು ಸುಮಾರು 16ನೇ ವಾರದಲ್ಲಿ ಬೆಳೆಯಲು ತೊಡಗುತ್ತವೆ. ನಡುವಿನಿಂದ ಅಂಚಿನ ಕಡೆಗೆ ನಿಧಾನವಾಗಿ ಹಬ್ಬುತ್ತಾ, ಅಂಚನ್ನು ಪೂರ್ತಿ ಮುಟ್ಟುವ ಹೊತ್ತಿಗೆ ಒಂಬತ್ತು ತಿಂಗಳು ತುಂಬಿರುತ್ತದೆ. ಮಗು ಏಳು ತಿಂಗಳಿಗೇ ಹುಟ್ಟಿದರೆ ಅಂಚಿನ ಭಾಗ ನಾಳಗಳಿಲ್ಲದೆ ಬರಿದಾಗಿರುತ್ತದೆ. ಹುಟ್ಟಿದ ಮೇಲೆ, ಅದರಲ್ಲೂ ಹೆಚ್ಚು ಆಮ್ಲಜನಕ ಸಿಕ್ಕಾಗ, ಇದ್ದ ಬೆಳವಣಿಗೆಯೂ ನಿಂತುಹೋಗುತ್ತದೆ. ಕೆಲವು ವಾರ ಕಳೆದ ಮೇಲೆ ರಕ್ತವಿಲ್ಲದ ಆ ಅಂಚು ಹಸಿವಿನಿಂದ ಕೂಗಿದಂತೆ ಒಂದು ರಾಸಾಯನಿಕವನ್ನು ಹೊರಡಿಸುತ್ತದೆ. ಜೀವಶಾಸ್ತ್ರದವರು ಅದನ್ನು ವಿಇಜಿಎಫ್ ಎನ್ನುತ್ತಾರೆ. ಆಗ ಹೊಸ ನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆಯುತ್ತವೆ. ಅವು ಗಾಯದ ಕಲೆಯಂತೆ ಬಿಗಿದುಕೊಂಡು ರೆಟಿನಾವನ್ನು ಅದರ ಜಾಗದಿಂದ ಎಳೆದು ಬಿಡಿಸಬಹುದು. ಈ ಕಾಯಿಲೆಗೆ ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ, ಚಿಕ್ಕದಾಗಿ ಆರ್‌ಒಪಿ ಎಂದು ಹೆಸರು. 1950ರಲ್ಲಿ ಅವಧಿಗೆ ಮುನ್ನ ಹುಟ್ಟಿದ ಗಾಯಕ ಸ್ಟೀವಿ ವಂಡರ್ ದೃಷ್ಟಿ ಕಳೆದುಕೊಂಡದ್ದು ಇದರಿಂದಲೇ.

ಹಾಗೆಂದು ಆಮ್ಲಜನಕವನ್ನು ದೂರಬೇಡಿ, ಅದಿಲ್ಲದಿದ್ದರೆ ಮಗುವೇ ಉಳಿಯದು. ಮೊದಲೆಲ್ಲ ಇಂಥ ಶಿಶುಗಳು ಬದುಕುವುದೇ ಕಷ್ಟವಿತ್ತು. ಈಗ ಜಿಲ್ಲಾ ಆಸ್ಪತ್ರೆಗಳಲ್ಲೂ ನವಜಾತ ಶಿಶುಗಳ ವಿಶೇಷ ಘಟಕಗಳಿವೆ, ಒಂದು ಕಿಲೋ ತೂಕದ ಮಗುವೂ ಬದುಕಿ ಮನೆಗೆ ಹೋಗುತ್ತದೆ. ಜೀವ ಉಳಿಸುವುದನ್ನು ಕಲಿತ ಮೇಲೆಯೇ ಈ ಕಾಯಿಲೆ ನಮ್ಮಲ್ಲಿ ಹೆಚ್ಚಾಯಿತು.

ಬೇಗ ಹುಟ್ಟಿದ ಎಲ್ಲ ಮಕ್ಕಳಿಗೂ ಇದು ಬರುವುದಿಲ್ಲ. ಬಂದರೂ ಎಷ್ಟೋ ಮಕ್ಕಳಲ್ಲಿ ತಾನಾಗಿ ವಾಸಿಯಾಗುತ್ತದೆ. ತೊಂದರೆ ಏನೆಂದರೆ, ಯಾರಿಗೆ ವಾಸಿಯಾಗುತ್ತದೆ, ಯಾರಿಗಿಲ್ಲ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ. ಕಣ್ಣು ಕೆಂಪಾಗುವುದಿಲ್ಲ, ನೀರು ಸುರಿಯುವುದಿಲ್ಲ, ಮಗು ಅಳುವುದೂ ಇಲ್ಲ. ಪಾಪೆಯಲ್ಲಿ ಬಿಳುಪು ಕಾಣುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಒಳಗೆ ನೋಡಿಯೇ ತಿಳಿಯಬೇಕು. ಆದರೆ ಹಾಗೆ ನೋಡಿ ಹೇಳಬಲ್ಲ ತಜ್ಞರು ಬಹಳ ಕಡಿಮೆ, ಇರುವವರೂ ದೊಡ್ಡ ನಗರಗಳಲ್ಲಿ. ಒಂದೂವರೆ ಕಿಲೋ ಮಗುವನ್ನು ಎತ್ತಿಕೊಂಡು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಎಂದು ಯಾರು ಹೇಳಿಯಾರು?

ಇದಕ್ಕೆ ಒಂದು ಉತ್ತರ ನಮ್ಮ ರಾಜ್ಯದಲ್ಲೇ ಹುಟ್ಟಿತು. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಮತ್ತು ಅವರ ತಂಡ ಕಿಡ್‌ರಾಪ್ ಎಂಬ ಯೋಜನೆ ಆರಂಭಿಸಿತು. ಮುಂದೆ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆಗೂಡಿ ಅದು ಉತ್ತರ ಕರ್ನಾಟಕದ ಜಿಲ್ಲೆಗಳಿಗೂ ಹೋಯಿತು. ಇಲ್ಲಿ ಪ್ರಯಾಣ ಮಾಡುವುದು ಕ್ಯಾಮೆರಾ, ಮಗುವಲ್ಲ. ತರಬೇತಿ ಪಡೆದ ತಂತ್ರಜ್ಞರು ಸಾಗಿಸಬಹುದಾದ ಕ್ಯಾಮೆರಾ ಹಿಡಿದು ಊರೂರಿನ ಶಿಶು ಘಟಕಗಳಿಗೆ ಹೋಗುತ್ತಾರೆ. ಹನಿ ಔಷಧಿ ಹಾಕಿ ಪಾಪೆಯನ್ನು ಹಿಗ್ಗಿಸಿ, ನೋವಾಗದಂತೆ ಇನ್ನೊಂದು ಹನಿ ಹಾಕಿ, ರೆಟಿನಾದ ಚಿತ್ರಗಳನ್ನು ತೆಗೆಯುತ್ತಾರೆ. ಚಿತ್ರಗಳು ಇಂಟರ್ನೆಟ್ ಮೂಲಕ ಬೆಂಗಳೂರಿಗೆ ಹೋಗುತ್ತವೆ, ತಜ್ಞರು ಮೊಬೈಲಿನಲ್ಲೇ ನೋಡಿ ವರದಿ ಕೊಡುತ್ತಾರೆ.

ನನಗೆ ಇದರಲ್ಲಿ ಮೆಚ್ಚುಗೆಯಾದದ್ದು ಮೊಬೈಲಲ್ಲ, ತಂತ್ರಜ್ಞರ ಮೇಲೆ ಇಟ್ಟ ನಂಬಿಕೆ. ಅವರು ವೈದ್ಯರಲ್ಲ. ಆದರೂ ಚಿತ್ರ ನೋಡಿ ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸಲು ಅವರಿಗೆ ಕಲಿಸಿದ್ದಾರೆ. ಕೆಂಪೆಂದರೆ ಚಿಕಿತ್ಸೆಗೆ ತುರ್ತು, ಕಿತ್ತಳೆ ಎಂದರೆ ಮತ್ತೆ ನೋಡಬೇಕು, ಹಸಿರೆಂದರೆ ಇನ್ನು ಚಿಂತೆಯಿಲ್ಲ. ಪಿಯುಸಿ ಮುಗಿಸಿ ಪ್ಯಾರಾಮೆಡಿಕಲ್ ಕೋರ್ಸಿಗೆ ಸೇರುವುದೆಂದರೆ ಮೆಡಿಕಲ್ ಸೀಟು ಸಿಗದ ಸಮಾಧಾನ ಎಂದುಕೊಂಡಿರುವವರು ಇದನ್ನು ಗಮನಿಸಿ.

ಇದೇ ದಾರಿ ಸಕ್ಕರೆ ಕಾಯಿಲೆಯವರಿಗೂ ಆಗುತ್ತದೆ. ಅವರ ರೆಟಿನಾದ ನಾಳಗಳೂ ಸದ್ದಿಲ್ಲದೆ ಹಾಳಾಗುತ್ತವೆ, ವರ್ಷಕ್ಕೊಮ್ಮೆ ಒಂದು ಚಿತ್ರ ತೆಗೆಸಿದರೆ ಗೊತ್ತಾಗುತ್ತದೆ. "ಕಣ್ಣು ಚೆನ್ನಾಗೇ ಕಾಣ್ತಿದೆಯಲ್ಲ, ಆಸ್ಪತ್ರೆ ಯಾಕೆ?" ಎನ್ನುವ ಅಜ್ಜ ಅಜ್ಜಿಯರಿಗೆ ಇಷ್ಟು ಹೇಳಿದರೆ ಸಾಕು. ಆದರೆ ಅಜ್ಜನಿಗೆ ತಿಂಗಳುಗಳ ಸಮಯವಾದರೂ ಇರುತ್ತದೆ. ಆರ್‌ಒಪಿಯಲ್ಲಿ ಅದಿಲ್ಲ. ಹುಟ್ಟಿದ 30 ದಿನದೊಳಗೆ ಮೊದಲ ತಪಾಸಣೆ ಆಗಬೇಕು, ತೀರಾ ಚಿಕ್ಕ ಮಗುವಾದರೆ ಎರಡು ಮೂರು ವಾರದಲ್ಲೇ. ಲೇಸರ್ ಬೇಕೆಂದು ಕಂಡರೆ ಎರಡು ಮೂರು ದಿನದೊಳಗೆ ಮಾಡಬೇಕು. "ತೀಸ್ ದಿನ್ ರೋಶನಿ ಕೆ" ಎಂಬ ಘೋಷವಾಕ್ಯ ಹುಟ್ಟಿದ್ದು ಈ ಲೆಕ್ಕದಿಂದ.

ನಮ್ಮ ಮನೆಗಳ ಲೆಕ್ಕ ಬೇರೆ. ಹೆರಿಗೆಯಾದ ಮೇಲೆ 40 ದಿನ ತುಂಬುವವರೆಗೆ ಬಾಣಂತಿಯೂ ಮಗುವೂ ಹೊಸಿಲು ದಾಟುವುದಿಲ್ಲ. ನಮ್ಮಲ್ಲಿ ಮಾತ್ರವಲ್ಲ, ನೆರೆಯ ಹಿಂದೂ ಮನೆಗಳಲ್ಲೂ ಬಾಣಂತನವೆಂದರೆ ಹೀಗೆಯೇ. ತಾಯಿ ಮಗು ಬೆಚ್ಚಗಿರಲಿ ಎಂಬ ಕಾಳಜಿ ಒಳ್ಳೆಯದೇ. ಆದರೆ ಆ 30ನೇ ದಿನ ಬರುವುದು ಈ 40ರ ಒಳಗೆ! ಜೊತೆಗೆ ಬಾಣಂತಿ ಇರುವುದು ತವರಿನಲ್ಲಿ, ಆಸ್ಪತ್ರೆಯಲ್ಲಿ ಬರೆಸಿದ ಫೋನ್ ನಂಬರ್ ಗಂಡನದು, ಅವನಿರುವುದು ಇನ್ನೊಂದು ಊರಿನಲ್ಲಿ ಅಥವಾ ಗಲ್ಫಿನಲ್ಲಿ. ಕ್ಯಾಮೆರಾ ಜಿಲ್ಲಾ ಆಸ್ಪತ್ರೆಯವರೆಗೆ ಬಂದರೂ ಮಗು ಅಲ್ಲಿಗೆ ಬರದಿದ್ದರೆ ಏನು ಮಾಡುವುದು? ಆಸ್ಪತ್ರೆಗೆ ಹೋಗಲು 40 ದಿನ ಕಾಯಬೇಕೆಂದು ಯಾವ ಹಿರಿಯರೂ ಹಟ ಹಿಡಿಯಲಾರರು, ಕಾರಣ ಹೇಳುವವರು ಬೇಕು ಅಷ್ಟೇ.

ಆ ಮಾತು ನಿಮ್ಮ ಪಾಲಿಗೆ ಬರಬಹುದು. ಡಿಸ್ಚಾರ್ಜ್ ಕಾರ್ಡನ್ನು ಇಂಗ್ಲಿಷಿನಲ್ಲಿ ಬರೆದಿರುತ್ತಾರೆ, ಅನೇಕ ಮನೆಗಳಲ್ಲಿ ಅದನ್ನು ಓದಬಲ್ಲವರು ಕಾಲೇಜಿಗೆ ಹೋಗುವ ಹುಡುಗ ಅಥವಾ ಹುಡುಗಿ ಮಾತ್ರ. ಅಕ್ಕನದೋ ಭಾಬಿಯದೋ ಮಗು ಬೇಗ ಹುಟ್ಟಿದ್ದರೆ ಆ ಕಾರ್ಡಿನಲ್ಲಿ ಎರಡು ಸಂಖ್ಯೆ ಹುಡುಕಿ: ಹುಟ್ಟಿದಾಗಿನ ತೂಕ ಮತ್ತು ಗರ್ಭದ ವಾರಗಳು. ಅಮೆರಿಕದಲ್ಲಿ 1500 ಗ್ರಾಂವರೆಗಿನ ಮಕ್ಕಳನ್ನು ನೋಡುತ್ತಾರೆ, ನಮ್ಮಲ್ಲಿ ಅದಕ್ಕಿಂತ ದೊಡ್ಡ ಮಕ್ಕಳಿಗೂ ಕಾಯಿಲೆ ಬರುವುದರಿಂದ ಮಿತಿ 2000 ಗ್ರಾಂ. ತೂಕ ಅದಕ್ಕಿಂತ ಕಡಿಮೆಯಿದ್ದರೆ ಅಥವಾ ವಾರಗಳು 34ಕ್ಕಿಂತ ಕಡಿಮೆಯಿದ್ದರೆ, ಆರ್‌ಒಪಿ ತಪಾಸಣೆ ಆಗಿದೆಯೇ ಎಂದು ಅದೇ ಕಾರ್ಡಿನಲ್ಲಿ ನೋಡಿ. ಇಲ್ಲವಾದರೆ ಹುಟ್ಟಿದ ದಿನದಿಂದ ಎಣಿಸಿ, ಆಸ್ಪತ್ರೆಯ ಶಿಶು ಘಟಕಕ್ಕೆ ಅಂದೇ ಫೋನ್ ಮಾಡಿ ಕೇಳಿ.