ಹರಳೆಣ್ಣೆಯ ಗುಣ ಬೇರೆ ಗಿಡಕ್ಕೆ ಬಂದೀತೆ?

ಹಳೆ ಮೈಸೂರು ಭಾಗದಲ್ಲಿ ಹರಳು ಎಂದೂ ಉತ್ತರ ಕರ್ನಾಟಕದಲ್ಲಿ ಔಡಲ ಎಂದೂ ಕರೆಯುವ ಗಿಡ ರೈತರಿಗೆ ಹೊಸದಲ್ಲ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ, ಬದುವಿನ ಮೇಲೆ, ಹಿತ್ತಲಿನಲ್ಲಿ ಹೆಚ್ಚಿನ ಆರೈಕೆ ಬೇಡದೆ ಇದು ಬೆಳೆಯುತ್ತದೆ. ಇದರ ಎಣ್ಣೆ ಹಿಂದೆ ದೀಪಕ್ಕೆ, ತಲೆಗೆ ಮತ್ತು ಭೇದಿಯ ಔಷಧಿಗೆ ಬಳಕೆಯಾಗುತ್ತಿತ್ತು. ಈಗ ಅದರ ಬಹುಪಾಲು ಕಾರ್ಖಾನೆಗಳಿಗೆ ಹೋಗುತ್ತದೆ. ಯಂತ್ರಗಳಿಗೆ ಹಾಕುವ ಗ್ರೀಸ್, ಬಣ್ಣ, ಸಾಬೂನು, ಬಟ್ಟೆಗೆ ಬಣ್ಣ ಹಾಕುವಾಗ ಬೇಕಾಗುವ ಟರ್ಕಿ ರೆಡ್ ಎಣ್ಣೆ, ನೈಲಾನ್-11 ಎಂಬ ಗಟ್ಟಿ ಪ್ಲಾಸ್ಟಿಕ್ ಇವೆಲ್ಲಕ್ಕೂ ಹರಳೆಣ್ಣೆಯೇ ಕಚ್ಚಾವಸ್ತು. ಪ್ರಪಂಚದಲ್ಲಿ ಉತ್ಪಾದನೆಯಾಗುವ ಹರಳಿನ ಹೆಚ್ಚಿನ ಭಾಗ ಭಾರತದ್ದು, ಅದರಲ್ಲೂ ಗುಜರಾತ್ ರಾಜ್ಯದ್ದು.

ಇಂಥ ಎಣ್ಣೆಯನ್ನು ಬೇರೊಂದು ಬೆಳೆಯ ಬೀಜದಲ್ಲಿ ಪಡೆಯುವ ಪ್ರಯತ್ನ ಮೂರು ದಶಕಗಳಿಂದ ಪರದೇಶಗಳಲ್ಲಿ ನಡೆದಿದೆ. ಅದು ಪೂರ್ಣವಾಗಿ ಫಲಿಸಿದರೆ ನಮ್ಮ ಹರಳು ಬೆಳೆಗಾರರ ಮಾರುಕಟ್ಟೆಗೆ ಪೆಟ್ಟು ಬೀಳುವುದು ಖಂಡಿತ. ಆದುದರಿಂದ ಆ ಕೆಲಸ ಎಲ್ಲಿಯವರೆಗೆ ಬಂದಿದೆ ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಎಲ್ಲ ಎಣ್ಣೆಗಳೂ ಮೇದಾಮ್ಲಗಳಿಂದ ಆದವು. ಶೇಂಗಾ, ಕುಸುಬೆ, ಸೂರ್ಯಕಾಂತಿ ಎಣ್ಣೆಗಳ ಮೇದಾಮ್ಲಗಳಲ್ಲಿ ಹೆಚ್ಚಿನವು 18 ಇಂಗಾಲದ ಪರಮಾಣುಗಳ ಸರಪಳಿಗಳು. ಹರಳೆಣ್ಣೆಯಲ್ಲಿ ಶೇ. 85ರಿಂದ 90ರಷ್ಟು ಇರುವ ರಿಸಿನೋಲಿಕ್ ಆಮ್ಲವೂ ಹಾಗೆಯೇ 18 ಇಂಗಾಲದ್ದು. ಆದರೆ ಅದರ 12ನೆಯ ಇಂಗಾಲಕ್ಕೆ ಆಮ್ಲಜನಕ ಮತ್ತು ಜಲಜನಕ ಸೇರಿದ ಒಂದು ಗುಂಪು ಅಂಟಿಕೊಂಡಿರುತ್ತದೆ. ಹರಳೆಣ್ಣೆ ಮಂದವಾಗಿರುವುದಕ್ಕೂ ರಾಸಾಯನಿಕ ಕಾರ್ಖಾನೆಗಳು ಅದನ್ನು ಬಯಸುವುದಕ್ಕೂ ಈ ಗುಂಪೇ ಕಾರಣ. ಪೇಟೆಗೆ ಬರುವ ಬೇರೆ ಯಾವ ಎಣ್ಣೆಕಾಳಿನಲ್ಲೂ ಈ ಆಮ್ಲ ಇಷ್ಟು ಪ್ರಮಾಣದಲ್ಲಿ ಇಲ್ಲ.

ಹಾಗಾದರೆ ಹರಳನ್ನೇ ಏಕೆ ಬೆಳೆಯಬಾರದು? ಬೀಜದಲ್ಲಿ ರಿಸಿನ್ ಎಂಬ ಪ್ರಬಲ ವಿಷವಿದೆ. ಅದು ಎಣ್ಣೆಗೆ ಬರುವುದಿಲ್ಲ, ಹಿಂಡಿಯಲ್ಲಿ ಉಳಿಯುತ್ತದೆ. ಗೊಂಚಲುಗಳು ಒಂದೇ ಸಲ ಮಾಗದ ಕಾರಣ ಹಲವು ಬಾರಿ ಕೈಯಿಂದ ಬಿಡಿಸಬೇಕು. ಕೂಲಿ ದುಬಾರಿಯಾದ ದೇಶಗಳಿಗೆ ಇದು ಒಗ್ಗುವುದಿಲ್ಲ. ಯಂತ್ರದಿಂದ ಕೊಯ್ಯಬಹುದಾದ ಸಾಸಿವೆ ಜಾತಿಯ ಬೆಳೆಯಲ್ಲಿ ಇದೇ ಎಣ್ಣೆ ಸಿಕ್ಕಿದರೆ ಅವರಿಗೆ ಅನುಕೂಲ.

ವಂಶವಾಹಿ ಬಂತು, ಎಣ್ಣೆ ಬರಲಿಲ್ಲ

1995ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಹರಳಿನ ಬೀಜದಿಂದ ಈ ಆಮ್ಲವನ್ನು ತಯಾರಿಸುವ ಕಿಣ್ವದ ವಂಶವಾಹಿಯನ್ನು ಬೇರ್ಪಡಿಸಿದರು. ಅದನ್ನು ಅರಾಬಿಡಾಪ್ಸಿಸ್ ಎಂಬ ಸಾಸಿವೆ ಕುಟುಂಬದ ಪುಟ್ಟ ಗಿಡಕ್ಕೆ ಸೇರಿಸಿದಾಗ ಬೀಜದ ಎಣ್ಣೆಯಲ್ಲಿ ಈ ಬಗೆಯ ಆಮ್ಲಗಳು ಬಂದವು. ಆದರೆ ಪ್ರಮಾಣ ಶೇ. 17ರ ಆಸುಪಾಸಿನಲ್ಲೇ ನಿಂತಿತು. ಹರಳಿನ ಶೇ. 90 ಎಲ್ಲಿ, ಇದೆಲ್ಲಿ!

ಕಾರಣ ಹುಡುಕಲು ವರ್ಷಗಳೇ ಹಿಡಿದವು. ಹೊಸ ಆಮ್ಲ ಹುಟ್ಟುವುದು ಜೀವಕೋಶದ ಒಳಪೊರೆಗಳಲ್ಲಿ. ಅಲ್ಲಿಂದ ಅದನ್ನು ಬಿಡಿಸಿ ಎಣ್ಣೆಯ ಹನಿಗೆ ಸೇರಿಸುವ ಕೆಲಸ ಬೇರೆ ಕಿಣ್ವಗಳದು. ಹರಳಿನಲ್ಲಿ ಈ ಕಿಣ್ವಗಳು ರಿಸಿನೋಲಿಕ್ ಆಮ್ಲಕ್ಕೆ ಹೊಂದಿಕೊಂಡಿವೆ. ಇತರ ಗಿಡಗಳಲ್ಲಿ ಹಾಗಿಲ್ಲ. ಕೆರೆಯ ತೂಬು ತೆರೆದರೂ ಕಾಲುವೆ ಹೂಳಿನಿಂದ ಮುಚ್ಚಿದ್ದರೆ ನೀರು ಗದ್ದೆಗೆ ತಲುಪದು, ಇಲ್ಲಿ ಆದದ್ದೂ ಅದೇ. ಆಮ್ಲ ಪೊರೆಯಲ್ಲಿ ಸಿಕ್ಕಿಕೊಂಡಿತು. ಅಷ್ಟೇ ಅಲ್ಲ, ಗಿಡ ತನ್ನ ಒಟ್ಟು ಎಣ್ಣೆಯ ತಯಾರಿಕೆಯನ್ನೇ ತಗ್ಗಿಸಿತು. 2008ರಲ್ಲಿ ಹರಳಿನಿಂದಲೇ ಎರಡನೆಯ ವಂಶವಾಹಿಯನ್ನು ತಂದು ಸೇರಿಸಿದಾಗ ಪ್ರಮಾಣ ಶೇ. 30ರ ಹತ್ತಿರಕ್ಕೆ ಏರಿತು. ಆ ಬಳಿಕವೂ ಪ್ರಯೋಗಗಳು ಮುಂದುವರಿದಿವೆ. ಆದರೆ ಹರಳಿನ ಮಟ್ಟ ಮುಟ್ಟಿ ಹೊಲಕ್ಕೆ ಇಳಿದ ಬೆಳೆ ಒಂದೂ ಇಲ್ಲ.

ಎಣ್ಣೆ ಬಂದರೂ ಪೇಟೆ ಸಿಗದಿರಬಹುದು. ಅಮೆರಿಕದ ಕಾಲ್ಜೀನ್ ಕಂಪನಿ ಕ್ಯಾಲಿಫೋರ್ನಿಯಾದ ಬೇ ಎಂಬ ಮರದ ವಂಶವಾಹಿಯನ್ನು ಕನೋಲಾ ಸಾಸಿವೆಗೆ ಸೇರಿಸಿ, ಸಾಬೂನಿಗೆ ಬೇಕಾದ ಲಾರಿಕ್ ಆಮ್ಲ ಹೇರಳವಾಗಿರುವ ಎಣ್ಣೆಯನ್ನು ಪಡೆಯಿತು. 1995ರಲ್ಲಿ ಇದು ವಾಣಿಜ್ಯ ಬೆಳೆಯಾಗಿ ಹೊಲಕ್ಕೂ ಬಂತು. ಪ್ರಯೋಗವಾಗಿ ಅದು ಯಶಸ್ವಿಯೇ. ಆದರೆ ಇದೇ ಆಮ್ಲವನ್ನು ತೆಂಗು ಮತ್ತು ತಾಳೆಬೀಜದ ಎಣ್ಣೆಗಳು ಕಡಿಮೆ ಬೆಲೆಗೆ ಒದಗಿಸುತ್ತಿದ್ದುದರಿಂದ ಹೊಸ ಬೆಳೆ ಪೇಟೆಯಲ್ಲಿ ನಿಲ್ಲಲಿಲ್ಲ. ತೆಂಗು ಬೆಳೆಗಾರರ ಆತಂಕವೂ ಅಲ್ಲಿಗೆ ತಣ್ಣಗಾಯಿತು.

ಕುಸುಬೆಯ ಕಥೆ ಬೇರೆ

ಹೊಸದನ್ನು ಸೇರಿಸುವುದಕ್ಕಿಂತ ಇರುವ ಒಂದು ಹೆಜ್ಜೆಯನ್ನು ತಡೆಯುವುದು ಸುಲಭ. ವಿಜಯಪುರ, ಕಲಬುರಗಿ ಕಡೆಯ ಎರೆಭೂಮಿಯ ಹಿಂಗಾರಿ ಬೆಳೆಯಾದ ಕುಸುಬೆಯ ಎಣ್ಣೆಯಲ್ಲಿ ಸಾಮಾನ್ಯವಾಗಿ ಮುಕ್ಕಾಲು ಪಾಲು ಲಿನೋಲಿಕ್ ಆಮ್ಲ. ಅಡಿಗೆಗೆ ಇದು ಒಳ್ಳೆಯದೇ, ಆದರೆ ಕಾದ ಯಂತ್ರದಲ್ಲಿ ಗಾಳಿ ತಗುಲಿ ಬೇಗ ಅಂಟಾಗುತ್ತದೆ. ಒಲಿಯಿಕ್ ಆಮ್ಲ ಹಾಗಾಗದೆ ಬಾಳುತ್ತದೆ. ಗಿಡದಲ್ಲಿ ಒಲಿಯಿಕ್ ಆಮ್ಲವೇ ಮುಂದೆ ಲಿನೋಲಿಕ್ ಆಗಿ ಮಾರ್ಪಡುವುದರಿಂದ, ಆಸ್ಟ್ರೇಲಿಯಾದ ರಾಷ್ಟ್ರೀಯ ವಿಜ್ಞಾನ ಸಂಸ್ಥೆಯಾದ ಸಿ.ಎಸ್.ಐ.ಆರ್.ಓ. ಬೀಜದಲ್ಲಿ ಆ ಮಾರ್ಪಾಡಿನ ವಂಶವಾಹಿಯನ್ನು ನಿಷ್ಕ್ರಿಯಗೊಳಿಸಿತು. ಒಲಿಯಿಕ್ ಆಮ್ಲ ಶೇ. 90ನ್ನು ದಾಟಿತು. 2018ರಲ್ಲಿ ಈ ಕುಸುಬೆಯ ವಾಣಿಜ್ಯ ಸಾಗುವಳಿಗೆ ಅಲ್ಲಿನ ಸರ್ಕಾರದಿಂದ ಒಪ್ಪಿಗೆ ದೊರೆಯಿತು.

ಇಂಥ ಬೆಳೆಯ ತೊಡಕು ಬೀಜದ ಶುದ್ಧತೆಯಲ್ಲಿದೆ. ಕುಸುಬೆ ಮುಖ್ಯವಾಗಿ ಸ್ವಕೀಯ ಪರಾಗಸ್ಪರ್ಶದ ಬೆಳೆಯಾದರೂ ಜೇನುನೊಣಗಳಿಂದ ಅಲ್ಪಸ್ವಲ್ಪ ಪರಕೀಯ ಪರಾಗಸ್ಪರ್ಶವೂ ನಡೆಯುತ್ತದೆ. ಅಡಿಗೆಯ ಕಾಳು ಬೆರೆತರೆ ಕಾರ್ಖಾನೆಯವರು ಒಲ್ಲರು, ಕಾರ್ಖಾನೆಯ ಕಾಳು ಬೆರೆತರೆ ಗಾಣದವರು ಒಲ್ಲರು. ಹೊಲ, ಕಣ, ಚೀಲ, ಉಗ್ರಾಣ ಎಲ್ಲವೂ ಬೇರೆ ಬೇರೆಯಾಗಬೇಕು. ಚಿಕ್ಕ ಹಿಡುವಳಿಗಳು ಅಕ್ಕಪಕ್ಕದಲ್ಲೇ ಇರುವ ನಮ್ಮಲ್ಲಿ ಇದು ಸುಲಭದ ಮಾತಲ್ಲ.

ಭಾರತದಲ್ಲಿ ವಂಶವಾಹಿ ಮಾರ್ಪಡಿಸಿದ ಬೆಳೆಯಾಗಿ ಒಪ್ಪಿಗೆ ಪಡೆದು ರೈತರ ಹೊಲದಲ್ಲಿರುವುದು 2002ರಲ್ಲಿ ಬಂದ ಬಿಟಿ ಹತ್ತಿ ಮಾತ್ರ. ಆದುದರಿಂದ ಕಾರ್ಖಾನೆಯ ಎಣ್ಣೆಗಾಗಿ ಮಾರ್ಪಡಿಸಿದ ಬಿತ್ತನೆ ಬೀಜ ಎಂದು ಯಾರಾದರೂ ಮಾರಲು ಬಂದರೆ ಕೊಳ್ಳಬಾರದು. ಮಾರ್ಪಡಿಸದ ಎಣ್ಣೆಗಿಡಗಳ ವಿಷಯದಲ್ಲೂ ಖರೀದಿಯ ಕರಾರು ಬರವಣಿಗೆಯಲ್ಲಿ ಇಲ್ಲದೆ ಇಡೀ ಹೊಲ ತೊಡಗಿಸುವುದು ತರವಲ್ಲ. 2000ದ ನಂತರದ ವರ್ಷಗಳಲ್ಲಿ ಡೀಸೆಲ್ ಆಸೆಯಿಂದ ಜಟ್ರೋಫಾ ನೆಟ್ಟ ಅನೇಕರು ಇಳುವರಿ ಬಾರದೆ ಗಿಡಗಳನ್ನು ಕಿತ್ತುಹಾಕಬೇಕಾಯಿತು.

ಸದ್ಯಕ್ಕೆ ಹರಳಿಗೆ ಎದುರಾಳಿ ಇಲ್ಲ. ಗುಜರಾತಿನಲ್ಲಿ 1968ರಲ್ಲಿ ಹೊರಬಂದ ಜಿ.ಸಿ.ಎಚ್.-3ರಿಂದ ಆರಂಭವಾಗಿ ಹಲವು ಸಂಕರಣ ತಳಿಗಳು ಲಭ್ಯವಿವೆ. ಬಲಿತ ಗೊಂಚಲುಗಳನ್ನು ಕಾಯಿ ಸಿಡಿಯುವ ಮೊದಲೇ ಬಿಡಿಸಿ ಒಣಗಿಸಬೇಕು. ಹಿಂಡಿಯನ್ನು ಗೊಬ್ಬರಕ್ಕೆ ಮಾತ್ರ ಬಳಸಿ, ದನಗಳ ಬಾಯಿಗೆ ಸಿಗದಂತೆ ಇಡಬೇಕು.