ಚಿತ್ರಸಂಗೀತವನ್ನು ಕೇಳುವ ಬಗೆ

ತರಗತಿಯಲ್ಲಿ ನಾನು ಆಗಾಗ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಕೇಳುವುದುಂಟು. ಅವರಿಗೆ ಪ್ರಿಯವಾದ ಒಂದು ಚಿತ್ರಗೀತೆಯನ್ನು ಹೆಸರಿಸಿ, "ಇದು ಯಾರ ಹಾಡು?" ಎನ್ನುತ್ತೇನೆ. ಉತ್ತರ ತಟ್ಟನೆ ಬರುತ್ತದೆ. ಆದರೆ ಅದು ಬಹುಮಟ್ಟಿಗೆ ತೆರೆಯ ಮೇಲೆ ತುಟಿಯಾಡಿಸಿದ ನಟನ ಹೆಸರಾಗಿರುತ್ತದೆ. ಸ್ವಲ್ಪ ಹೆಚ್ಚು ತಿಳಿದವರು ಗಾಯಕರ ಹೆಸರು ಹೇಳುತ್ತಾರೆ. ಹಾಡಿಗೆ ಮಟ್ಟು ಹಾಕಿದವರು ಯಾರು, ಹಾಡು ಮುಗಿದ ಮೇಲೂ ಮಾತುಕತೆಯ ಕೆಳಗೆ ಸಣ್ಣಗೆ ಹರಿಯುತ್ತಿದ್ದ ವಾದ್ಯಧ್ವನಿಯನ್ನು ಹೊಂದಿಸಿದವರು ಯಾರು, ಅದನ್ನು ನುಡಿಸಿದವರು ಯಾರು ಎಂದು ಕೇಳಿದರೆ ತರಗತಿ ಮೌನವಾಗುತ್ತದೆ. ಈ ಮೌನಕ್ಕಾಗಿ ಅವರನ್ನು ದೂರುವಂತಿಲ್ಲ. ನಾನೂ ಹಾಗೆಯೇ ಇದ್ದವನು. ಚಿತ್ರಸಂಗೀತದ ಅಭಿಮಾನಿಯಾದದ್ದು ಹೇಗೆ, ಆ ಅಭಿಮಾನದಿಂದ ಕಲಿತದ್ದೇನು, ಕಲಿಯದೆ ಉಳಿದದ್ದೇನು ಎಂಬುದನ್ನು ನಮ್ಮ ವಾರ್ಷಿಕ ಸಂಚಿಕೆಯ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನನ್ನ ಬಾಲ್ಯ ಕಳೆದದ್ದು ಬ್ಯಾಡಗಿಯಲ್ಲಿ. ಆಗ ಅದು ಧಾರವಾಡ ಜಿಲ್ಲೆಗೆ ಸೇರಿತ್ತು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ನಮ್ಮ ಸೋದರಮಾವ ಮೆಣಸಿನಕಾಯಿ ಪೇಟೆಯ ಹತ್ತಿರ ಒಂದು ಸಣ್ಣ ಅಂಗಡಿ ಇಟ್ಟುಕೊಂಡು, ಮದುವೆ ಜಾತ್ರೆಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಪೇಟೆಗೆ ಮಾಲು ಬರುವ ಕಾಲದಲ್ಲಿ ಊರೆಲ್ಲ ಸೀನುತ್ತಿತ್ತು. ಪ್ಲೇಟುಗಳ ಮೇಲೆ ಕೂತ ಕೆಂಪು ಧೂಳನ್ನು ಮೆತ್ತನ್ನ ಬಟ್ಟೆಯಿಂದ ಒರೆಸುವುದು ನನಗೆ ವಹಿಸಿದ ಕೆಲಸ. ಗ್ರಾಮಫೋನ್ ರೆಕಾರ್ಡಿಗೆ ನಮ್ಮ ಕಡೆ ಪ್ಲೇಟು ಎಂದೇ ಹೆಸರು. ಹಳೆಯ ಪ್ಲೇಟುಗಳು ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದವು. ಒಂದು ಮಗ್ಗುಲಿಗೆ ಮೂರು ನಿಮಿಷದ ಮೇಲೆ ಸ್ವಲ್ಪ ಮಾತ್ರ ಹಿಡಿಸುತ್ತಿತ್ತು. ಚಿತ್ರಗೀತೆ ಬಹುಕಾಲ ಮೂರು ಮೂರೂವರೆ ನಿಮಿಷದ್ದಾಗಿ ಉಳಿಯುವುದಕ್ಕೆ ಇದೂ ಒಂದು ಕಾರಣವೆಂದು ನಾನು ತಿಳಿದದ್ದು ಬಹಳ ತಡವಾಗಿ.

ಒರೆಸುವಾಗ ಪ್ಲೇಟಿನ ನಡುವಿನ ದುಂಡು ಚೀಟಿಯನ್ನು ಓದುವ ಚಟ ಹತ್ತಿತು. ಓದಿದ ಹೆಸರುಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಳ್ಳತೊಡಗಿದೆ. ವಿಜಯಭಾಸ್ಕರ್, ಜಿ.ಕೆ. ವೆಂಕಟೇಶ್, ಟಿ.ಜಿ. ಲಿಂಗಪ್ಪ, ಎಂ. ರಂಗರಾವ್ ಇವರೆಲ್ಲ ಹೀಗೆ ನನಗೆ ಪರಿಚಿತರಾದರು. ರಾಜನ್-ನಾಗೇಂದ್ರ ಎಂಬುದು ಒಬ್ಬನೇ ಮನುಷ್ಯನ ಹೆಸರೆಂದು ಎರಡು ವರ್ಷ ನಂಬಿದ್ದೆ. ಅವರು ಮೈಸೂರಿನ ಅಣ್ಣತಮ್ಮಂದಿರೆಂದು ಮಾವ ಹೇಳಿದಾಗ ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವರ ತಂದೆ ರಾಜಪ್ಪನವರು ಮೂಕಿ ಚಿತ್ರಗಳು ನಡೆಯುವಾಗ ವಾದ್ಯ ನುಡಿಸುತ್ತಿದ್ದವರಂತೆ. ಕನ್ನಡ ಚಿತ್ರ ಮಾತಾಡಿದ್ದು 1934ರ 'ಸತಿ ಸುಲೋಚನಾ'ದಿಂದ. ಅದಕ್ಕೂ ಮೊದಲೇ, ತೆರೆ ಇನ್ನೂ ಮೂಕವಾಗಿದ್ದಾಗಲೇ, ಅದರ ಪಕ್ಕದಲ್ಲಿ ಕುಳಿತು ಹಾರ್ಮೋನಿಯಂ, ಕೊಳಲು ನುಡಿಸುವವರು ಇದ್ದರು. ಚಿತ್ರಕ್ಕೆ ಮಾತಿಗಿಂತ ಮೊದಲು ಬಂದದ್ದು ಸಂಗೀತ ಎಂಬ ಸಂಗತಿಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ಆ ಮಕ್ಕಳು 1953ರ 'ಸೌಭಾಗ್ಯಲಕ್ಷ್ಮಿ'ಯಿಂದ ಸಂಗೀತ ನಿರ್ದೇಶಕರಾದರು. ತಮ್ಮ ನಾಗೇಂದ್ರ 2000ದಲ್ಲಿಯೂ ಅಣ್ಣ ರಾಜನ್ 2020ರಲ್ಲಿಯೂ ತೀರಿಕೊಂಡರು.

ಇಷ್ಟಾದರೂ ನನಗೆ ಆಗ ಗೊತ್ತಿದ್ದದ್ದು ಹಾಡು ಮಾತ್ರ. ಹಿನ್ನೆಲೆ ಸಂಗೀತವೆಂಬುದೊಂದು ಬೇರೆ ವಿದ್ಯೆಯಿದೆ ಎಂದು ನನಗೆ ತಿಳಿಸಿಕೊಟ್ಟದ್ದು ರಾಣೆಬೆನ್ನೂರಿನ ಒಂದು ಚಿತ್ರಮಂದಿರದ ಗೋಡೆ. ಮಾವ ಕೆಟ್ಟುಹೋದ ಅಂಪ್ಲಿಫಾಯರನ್ನು ರಿಪೇರಿಗೆಂದು ಅಲ್ಲಿಗೆ ಒಯ್ದಿದ್ದರು. ಸಂಗಡ ನಾನೂ ಹೋಗಿದ್ದೆ. ಕೆಲಸ ಮುಗಿಯಲು ಹೊತ್ತಾಗುತ್ತದೆಂದು ತಿಳಿದು, ಹತ್ತಿರದ ಚಿತ್ರಮಂದಿರಕ್ಕೆ ಹೋದೆ. ಟಿಕೀಟು ತೀರಿದ್ದವು. ಹಿಂದಿನ ಗೋಡೆಗೆ ಆತು ಕುಳಿತು ಇಡೀ ಚಿತ್ರವನ್ನು ಕಿವಿಯಿಂದಲೇ ನೋಡಿದೆ. ಸಂಗೀತ ವಿಜಯಭಾಸ್ಕರರದು. ಮಾತುಗಳು ಗೋಡೆ ದಾಟುವಷ್ಟರಲ್ಲಿ ಮಸುಕಾಗುತ್ತಿದ್ದವು. ಆದರೆ ಪಿಟೀಲು ಕೊಳಲುಗಳು ದಾಟಿ ಬರುತ್ತಿದ್ದವು. ಯಾರೋ ಅಗಲುತ್ತಿದ್ದಾರೆ, ಯಾರೋ ಸಿಟ್ಟಾಗಿದ್ದಾರೆ, ಈಗ ಊರು ಬದಲಾಯಿತು ಎಂದು ಮುಖ ಕಾಣದೆಯೇ ತಿಳಿಯಿತು. ಒಂದು ಕಡೆ ವಾದ್ಯಗಳೆಲ್ಲ ಒಮ್ಮೆಲೇ ನಿಂತುಬಿಟ್ಟವು. ಒಳಗೆ ಜನ ಸದ್ದಿಲ್ಲದೆ ಕುಳಿತಿರುವುದು ಹೊರಗಿದ್ದ ನನಗೂ ಗೊತ್ತಾಯಿತು. ಬಾರಿಸುವುದಷ್ಟೇ ಅಲ್ಲ, ನಿಲ್ಲಿಸುವುದೂ ಸಂಗೀತ ನಿರ್ದೇಶಕನ ಕೆಲಸವೆಂದು ಅಂದು ಮೊದಲ ಸಲ ಅನಿಸಿತು.

ಹಾಡಿಗೂ ಹಿನ್ನೆಲೆ ಸಂಗೀತಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ. ಹಾಡನ್ನು ಸಾಮಾನ್ಯವಾಗಿ ಚಿತ್ರೀಕರಣಕ್ಕಿಂತ ಮೊದಲು ಮುದ್ರಿಸುತ್ತಾರೆ. ನಟರು ಅದಕ್ಕೆ ಹೊಂದಿಕೊಳ್ಳುತ್ತಾರೆ. ಹಿನ್ನೆಲೆ ಸಂಗೀತದ ಕ್ರಮ ಇದಕ್ಕೆ ವಿರುದ್ಧ. ಚಿತ್ರವನ್ನು ಕತ್ತರಿಸಿ ಜೋಡಿಸಿಯಾದ ಮೇಲೆ, ಅದನ್ನು ನೋಡುತ್ತ, ಇಷ್ಟು ಕ್ಷಣಕ್ಕೆ ಇಷ್ಟೇ ಸಂಗೀತವೆಂದು ಅಳೆದು ಕೂಡಿಸಬೇಕು. ಹಾಡಿನಲ್ಲಿ ಸಂಗೀತ ಯಜಮಾನ. ಹಿನ್ನೆಲೆಯಲ್ಲಿ ಅದು ಮನೆಯ ಹಿರಿಯ ಸೊಸೆಯಂತೆ, ಎಲ್ಲ ಕೆಲಸ ಮಾಡಿಯೂ ಪಡಸಾಲೆಗೆ ಬಾರದು. ಈ ದುಡಿಮೆ ಒಬ್ಬರದೂ ಅಲ್ಲ. ವಾದ್ಯಗಳಿಗೆ ಸ್ವರ ಹಂಚಿ ಬರೆಯುವವರು, ವಾದ್ಯವೃಂದವನ್ನು ನಡೆಸುವವರು, ನುಡಿಸುವವರು ಎಲ್ಲರೂ ಬೇಕು. ಮುಂದೆ ಜಗತ್ತೇ ಬಲ್ಲಂಥ ಹೆಸರು ಗಳಿಸಿದ ಇಳಯರಾಜರು ಜಿ.ಕೆ. ವೆಂಕಟೇಶರ ಬಳಿ ಸಹಾಯಕರಾಗಿ ದುಡಿದವರು. 1976ರ ತಮಿಳು ಚಿತ್ರ 'ಅನ್ನಕ್ಕಿಳಿ'ಯಿಂದ ಅವರು ಸ್ವತಂತ್ರರಾದರು. ಅದಕ್ಕೂ ಹಿಂದಿನ ಎಷ್ಟೋ ಕನ್ನಡ ಹಾಡುಗಳಲ್ಲಿ ಅವರ ಬೆವರಿದೆ, ಹೆಸರಿಲ್ಲ.

ಕಾಲೇಜು ವ್ಯಾಸಂಗಕ್ಕೆ ಹಾವೇರಿಗೆ ಬಂದ ಮೇಲೆ 'ಚೋಮನ ದುಡಿ' ನೋಡುವ ಅವಕಾಶ ದೊರೆಯಿತು. ಶಿವರಾಮ ಕಾರಂತರ ಕಾದಂಬರಿಯನ್ನು 1975ರಲ್ಲಿ ಚಿತ್ರವಾಗಿಸಿದ ಬಿ.ವಿ. ಕಾರಂತರೇ ಅದಕ್ಕೆ ಸಂಗೀತವನ್ನೂ ಒದಗಿಸಿದರು. ಅಲ್ಲಿ ಚೋಮನ ಸಂಕಟಕ್ಕೆ ಮಾತು ಸಾಲದು. ಅದು ದುಡಿಯ ಬಡಿತದಲ್ಲಿ ಹೊರಬರುತ್ತದೆ. ಒಂದೇ ಒಂದು ಚರ್ಮವಾದ್ಯ ಇಡೀ ವಾದ್ಯವೃಂದ ಮಾಡುವ ಕೆಲಸವನ್ನು ಮಾಡಬಲ್ಲದೆಂದು ನಾನು ಅರಿತದ್ದು ಅಲ್ಲಿ. ಕಾರಂತರು ಮುಂದೆ 'ಋಷ್ಯಶೃಂಗ', 'ಘಟಶ್ರಾದ್ಧ' ಎಂಬ ಎರಡು ಚಿತ್ರಗಳ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಸರೋದ್ ವಾದಕ ರಾಜೀವ ತಾರಾನಾಥರು 1970ರ 'ಸಂಸ್ಕಾರ'ಕ್ಕೆ ಸಂಗೀತ ನೀಡಿದ್ದನ್ನೂ, ಬಂಗಾಳಿಯ 'ಪಥೇರ್ ಪಾಂಚಾಲಿ'ಗೆ 1955ರಲ್ಲಿ ರವಿಶಂಕರರು ಸಂಗೀತ ನೀಡಿದ್ದನ್ನೂ ಇದರ ಸಂಗಡ ಇಟ್ಟು ನೋಡಬಹುದು. ಅಮೇರಿಕದ ಬರ್ನಾರ್ಡ್ ಹರ್ಮನ್ 1960ರ 'ಸೈಕೋ' ಚಿತ್ರಕ್ಕೆ ಬರಿಯ ತಂತಿವಾದ್ಯಗಳನ್ನು ಬಳಸಿ ಪ್ರೇಕ್ಷಕರನ್ನು ನಡುಗಿಸಿದ. ವಾದ್ಯ ಹೆಚ್ಚಿದರೆ ರಸ ಹೆಚ್ಚುತ್ತದೆಂಬ ಭ್ರಮೆಯನ್ನು ಈ ನಿದರ್ಶನಗಳು ಹೋಗಲಾಡಿಸುತ್ತವೆ.

ಇನ್ನು ನಾನು ಹೇಳಲೇಬೇಕಾದ, ಆದರೆ ಹೇಳಲು ಸಂಕೋಚವಾಗುವ ಒಂದು ಸಂಗತಿಯಿದೆ. ಅದು ಮೇಲಿನ ಕಾಲೇಜು ದಿನಗಳಿಗಿಂತ ಹಿಂದಿನದು. ಆಗ ನನಗೆ ಹನ್ನೆರಡು ವರ್ಷ.

1977ರಲ್ಲಿ 'ಸನಾದಿ ಅಪ್ಪಣ್ಣ' ಬಂದಿತು. ಸಂಗೀತ ಜಿ.ಕೆ. ವೆಂಕಟೇಶರದು, ಡಾ. ರಾಜಕುಮಾರರು ಸನಾದಿ ಊದುವ ಅಪ್ಪಣ್ಣ. ಸನಾದಿಯನ್ನು ನಿಜವಾಗಿ ಊದಿದವರು ಉಸ್ತಾದ್ ಬಿಸ್ಮಿಲ್ಲಾ ಖಾನರು. 1959ರ ಹಿಂದಿ ಚಿತ್ರ 'ಗೂಂಜ್ ಉಠೀ ಶಹನಾಯಿ'ಯಲ್ಲಿಯೂ ಅವರದೇ ವಾದನವಿತ್ತು. ಅದರ ಸಂಗೀತ ನಿರ್ದೇಶಕರು ವಸಂತ ದೇಸಾಯಿ. ಮರುವರ್ಷದ ಮದುವೆಯ ಸುಗ್ಗಿಯಲ್ಲಿ ನಮ್ಮ ಅಂಗಡಿಗೆ ಬಂದವರೆಲ್ಲ ಈ ಪ್ಲೇಟು ಬೇಕೆಂದರು. ಒಂದು ದಿನ ಮೋಟೆಬೆನ್ನೂರಿನ ಮದುವೆಗೆ ಮೈಕ್‌ಸೆಟ್ ಒಯ್ದೆವು. ಆ ಭಾಗದಲ್ಲಿ ಬಹಳ ವರ್ಷಗಳಿಂದ ಸನಾದಿ ಊದುತ್ತಿದ್ದ ಒಬ್ಬ ಮುದುಕರು ಅಲ್ಲಿಗೆ ಬಂದಿದ್ದರು. ಮೊದಲಾದರೆ ಎರಡು ದಿನ ಅವರ ಮೇಳಕ್ಕೆ ಕೆಲಸವಿರುತ್ತಿತ್ತು. ಈ ಸಲ ಅಕ್ಷತೆಯ ಹೊತ್ತಿಗೆ ಮಾತ್ರ ಊದಿದರೆ ಸಾಕು, ಉಳಿದ ವೇಳೆಗೆ ಮೈಕು ಇದೆ ಎಂದು ಬೀಗರು ತಿಳಿಸಿದ್ದರು. ನಾನು ಉತ್ಸಾಹದಿಂದ ಆ ಪ್ಲೇಟು ಹಚ್ಚಿದೆ. ಮುದುಕರು ಹತ್ತಿರ ಬಂದು, ತಮ್ಮ ಸನಾದಿಯನ್ನು ತೊಡೆಯ ಮೇಲಿಟ್ಟುಕೊಂಡು, ಕೊನೆಯವರೆಗೂ ಕೇಳಿದರು.

"ಯಾರು ಊದ್ಯಾರ ತಮ್ಮಾ ಇದನ್ನ?" ಎಂದರು.

ಹೆಸರುಗಳನ್ನು ಬಲ್ಲ ಹೆಮ್ಮೆ ನನಗೆ. "ಬಿಸ್ಮಿಲ್ಲಾ ಖಾನರು ರೀ ಅಜ್ಜಾರ. ಕಾಶ್ಯಾಗ ಇರತಾರ" ಎಂದೆ.

"ದೊಡ್ಡವರು. ಉಸಿರು ಹಿಡಿದದ್ದು ನೋಡು, ನನ್ನ ಕೈಲಿ ಆಗೂದುಲ್ಲ" ಎಂದು ಅವರು ಕೈಯೆತ್ತಿ ಮುಗಿದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರ ತಮ್ಮಾ, ಅವರಿಗೆ ಒಮ್ಮೆ ರೊಕ್ಕಾ ಕೊಟ್ರ ಮುಗೀತು. ಈ ನಿಮ್ಮ ಪ್ಲೇಟು ದಿನಾ ಊದತೈತಿ. ಇದಕ್ಕ ಊಟ ಬ್ಯಾಡ, ಬಸ್‌ಚಾರ್ಜು ಬ್ಯಾಡ" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಒಪ್ಪಿಸುವವರಂತೆ ಹೇಳಿದರು.

ಸಂಜೆ ನಾನು ಮಾವನನ್ನು ಕಾಡಿ, ಮೈಕನ್ನು ಅವರ ಸನಾದಿಯ ಮುಂದೆ ಇಡಿಸಿದೆ. ಅವರು ಕಾಲು ತಾಸು ಊದಿದರು; ಬಾವಿಯಾಚೆಗಿನ ಹೊಲದವರೆಗೆ ಕೇಳಿಸಿರಬೇಕು. ಆಮೇಲೆ ಚಪ್ಪರದಿಂದ ಯಾರೋ ಕೂಗಿ, ಸಿನೇಮಾದ್ದೇ ಹಚ್ಚಿರೆಂದರು. ಮಾವ ನನ್ನ ಮುಖ ನೋಡಿ, "ಬಾಡಿಗಿ ಕೊಟ್ಟವರು ಅವರು, ನೀನಲ್ಲ" ಎಂದರು. ನಾನು ಪ್ಲೇಟು ಹಚ್ಚಿದೆ. ಸನಾದಿಯವನ ಬಾಳನ್ನು ಕೊಂಡಾಡುವ ಚಿತ್ರದ ಪ್ಲೇಟಿನಿಂದಲೇ ಸನಾದಿಯವರೊಬ್ಬರ ಕೂಲಿ ಹೋಯಿತು. ಅದರಲ್ಲಿ ಖಾನರ ತಪ್ಪಿಲ್ಲ, ವೆಂಕಟೇಶರ ತಪ್ಪಿಲ್ಲ. ನಮ್ಮ ಮಾವನೂ ಹೊಟ್ಟೆಪಾಡಿನವರೇ. ಆದರೆ ಪ್ಲೇಟಿನ ಮೇಲೆ ಮುಳ್ಳು ಇಟ್ಟ ಕೈ ನನ್ನದು.

ಹೀಗೆಂದು ನಾನು ಚಿತ್ರಸಂಗೀತವನ್ನು ಬಿಡಲಿಲ್ಲ, ಬಿಡಬೇಕೆಂದೂ ಹೇಳುವುದಿಲ್ಲ. ನಮ್ಮ ನಾಡಿನ ಸಂಗೀತವನ್ನು ಚಿತ್ರಗಳು ದೂರದವರೆಗೆ ಒಯ್ದಿವೆ. ಶಿಗ್ಗಾಂವಿ ತಾಲೂಕಿನ ಶಿಶುನಾಳದ ಷರೀಫರ ಪದಗಳು ಸಿ. ಅಶ್ವತ್ಥರ ಸಂಗೀತದಲ್ಲಿ 1990ರ 'ಸಂತ ಶಿಶುನಾಳ ಷರೀಫ' ಚಿತ್ರದ ಮೂಲಕ ಎಷ್ಟೋ ಹೊಸ ಕಿವಿಗಳನ್ನು ತಲುಪಿದವು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ, ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳ ಬಾಳನ್ನು ಕುರಿತ 1995ರ ಚಿತ್ರಕ್ಕಾಗಿ ಹಂಸಲೇಖರಿಗೆ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿ ದೊರೆಯಿತು. ನಮ್ಮ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿದ ನಾದ ದಿಲ್ಲಿಯವರೆಗೆ ಹೋಗಲು ಚಿತ್ರಸಂಗೀತವೂ ಒಂದು ದಾರಿಯಾಯಿತು ಎಂಬುದನ್ನು ಮರೆಯಲಾಗದು. ಒಂದೇ ವಿದ್ಯೆ ಒಂದು ಕಡೆ ದಾರಿ ತೆರೆಯಿತು, ಇನ್ನೊಂದು ಕಡೆ ಬಾಗಿಲು ಮುಚ್ಚಿತು. ಎರಡನ್ನೂ ಬಲ್ಲವನೇ ಸರಿಯಾದ ಅಭಿಮಾನಿ.

ವಿದ್ಯಾರ್ಥಿಗಳಿಗೆ ನಾನು ಸೂಚಿಸುವ ಅಭ್ಯಾಸ ಹೀಗಿದೆ. ಮೊದಲನೆಯದಾಗಿ, ನೀವು ನೋಡಿದ ಒಂದು ಚಿತ್ರದ ಹತ್ತು ನಿಮಿಷಗಳನ್ನು ಕಣ್ಣು ಮುಚ್ಚಿ ಕೇಳಿರಿ. ಸಂಗೀತ ಎಲ್ಲಿ ಆರಂಭವಾಯಿತು, ಎಲ್ಲಿ ನಿಂತಿತು ಎಂದು ಗುರುತು ಹಾಕಿರಿ. ಎರಡನೆಯದಾಗಿ, ಅದೇ ಭಾಗವನ್ನು ಧ್ವನಿಯಿಲ್ಲದೆ ನೋಡಿರಿ. ಏನು ಕಳೆಯಿತೆಂದು ಒಂದು ವಾಕ್ಯದಲ್ಲಿ ಬರೆಯಿರಿ. ಮೂರನೆಯದಾಗಿ, ಕೇಳಿಸಿದ ವಾದ್ಯಗಳಲ್ಲಿ ನಿಮಗೆ ಗೊತ್ತಿರುವವನ್ನು ಪಟ್ಟಿ ಮಾಡಿರಿ. ಗೊತ್ತಾಗದ್ದನ್ನು ಬಲ್ಲವರಲ್ಲಿ ಕೇಳಿರಿ. ನಾಲ್ಕನೆಯದಾಗಿ, ಚಿತ್ರ ಮುಗಿದೊಡನೆ ಏಳಬೇಡಿರಿ. ತೆರೆಯ ಮೇಲೆ ಹೆಸರುಗಳು ಹೋಗುವವರೆಗೂ ಕುಳಿತು ಓದಿರಿ. ಈಗ ಹಾಡುಗಳೆಲ್ಲ ಮೊಬೈಲಿನಲ್ಲಿ ಬರುತ್ತವೆ. ದುಂಡು ಚೀಟಿ ಹೋಯಿತು, ನುಡಿಸಿದವರ ಹೆಸರು ಹುಡುಕಿದರೂ ಸುಲಭವಾಗಿ ಸಿಗುವುದಿಲ್ಲ. ನಲವತ್ತು ಜನ ಕುಳಿತು ನುಡಿಸುತ್ತಿದ್ದುದನ್ನು ಒಂದು ಕೀಬೋರ್ಡು ನುಡಿಸುವ ಕಾಲದಲ್ಲಿ ಈ ಅಭ್ಯಾಸ ಇನ್ನೂ ಅವಶ್ಯ.

ಬಾಲ್ಯದ ಆ ನೋಟುಬುಕ್ಕು ಇಂದಿಗೂ ನನ್ನಲ್ಲಿದೆ. 1978ರ ಪುಟದಲ್ಲಿ ಬಿಸ್ಮಿಲ್ಲಾ ಖಾನರ ಹೆಸರನ್ನು ದುಂಡಗೆ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಮೋಟೆಬೆನ್ನೂರಿನ ಮದುವೆಯಲ್ಲಿ ಊದಿದ ಮುದುಕರ ಹೆಸರು ಅಲ್ಲಿಲ್ಲ. ಎಲ್ಲರೂ ಸನಾದಿ ಅಜ್ಜ ಎನ್ನುತ್ತಿದ್ದರು, ನಾನು ಕೇಳಲಿಲ್ಲ. ಆಮೇಲೆ ಕೇಳಬೇಕೆನಿಸಿದಾಗ ಹೇಳುವವರು ಉಳಿದಿರಲಿಲ್ಲ.

ಆದುದರಿಂದ ಐದನೆಯ ಅಭ್ಯಾಸವೊಂದಿದೆ. ಈ ಸಲ ರಜೆಯಲ್ಲಿ ಊರಿಗೆ ಹೋದಾಗ, ನಿಮ್ಮ ಓಣಿಯ ಭಜನೆಯಲ್ಲಿ ಪೇಟಿ ಬಾರಿಸುವವರು, ಜಾತ್ರೆಯಲ್ಲಿ ಕರಡಿ ಬಾರಿಸುವವರು, ಸನಾದಿ ಊದುವವರು ಯಾರಾದರೂ ಇದ್ದರೆ ಅವರ ಬಳಿ ಕುಳಿತುಕೊಳ್ಳಿರಿ. ಮೊದಲು ಕೇಳಿರಿ, ಆಮೇಲೆ ಅವರ ಪೂರ್ಣ ಹೆಸರು ಕೇಳಿ ಬರೆದುಕೊಂಡು ಬನ್ನಿರಿ.